ಮಾತು ಬೆಳಿಗ್ಗೆ, ರಾಗ ಸಂಜೆ

ಅಕ್ಸೀನ್ಯ ಅಮ್ಮ ತೀರಿಕೊಂಡು ಇವತ್ತಿಗೆ ನಲವತ್ತೊಂದು ದಿನ. ನಿನ್ನೆ ಅವರ ಮಗನಿಗೆ ನಾನೊಂದು ಸುಳ್ಳು ಹೇಳಿ ಬಂದೆ. ಪಾದ್ರಿಗಳ ಹತ್ತಿರ ಹೇಳಿಕೊಳ್ಳೋಣವೆಂದರೆ, ಅವರಿಗೆ ಹಿಂದುಮುಂದು ಅರ್ಥವಾಗುವಷ್ಟರಲ್ಲಿ ನನ್ನ ಹಿಂದೆ ನಿಂತವರ ಸಾಲು ಚರ್ಚಿನ ಗೇಟು ದಾಟುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ. ನಮ್ಮೂರು ಶಂಕರಪುರದ ಇಗರ್ಜಿಯ, ಅಂದರೆ ಚರ್ಚಿನ, ಶಾಲೆಯಲ್ಲಿ ಕಲಿತದ್ದು ಕನ್ನಡ, ಮನೆಯಲ್ಲಿ ಆಡಿದ್ದು ಕೊಂಕಣಿ. ಬರೆಯಲು ಕೂತರೆ ಕೈ ಕನ್ನಡಕ್ಕೇ ಹೋಗುತ್ತದೆ.

ನಾನು ಸುಸನ್. ಅಬುಧಾಬಿಗೆ ಬಂದು ಇಪ್ಪತ್ತೆರಡು ವರ್ಷ. ಮೊದಲು ಆಸ್ಪತ್ರೆ, ಈಗ ಐದು ವರ್ಷದಿಂದ ಮನೆಗಳಿಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ಹೋಮ್ ನರ್ಸ್. ಕಳೆದ ಮಾರ್ಚಿನಲ್ಲಿ ಕಂಪೆನಿಯವರು ಫೋನ್ ಮಾಡಿ, "ಹಮ್ದಾನ್ ಸ್ಟ್ರೀಟಿನಲ್ಲಿ ಒಬ್ಬರು ರಷ್ಯನ್ ಮುದುಕಿ, ಹಾರ್ಟ್ ವೀಕ್, ಡೇ ಡ್ಯೂಟಿ" ಎಂದರು. ಎತ್ತರದ, ಬಿಳಿ ಬಣ್ಣದ, ಗದರುವ ಹೆಂಗಸೊಬ್ಬಳನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಹದಿನಾಲ್ಕನೇ ಮಹಡಿಗೆ ಹೋದೆ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದದ್ದು ಪುಟ್ಟ ಜೀವ. ಚಪ್ಪಟೆ ಕೆನ್ನೆ, ಸಣ್ಣ ಕಣ್ಣು, ತಲೆಯ ಮೇಲೆ ಕುಚ್ಚು ಕುಚ್ಚಿನ ದೊಡ್ಡ ಶಾಲು. ನಮ್ಮ ಕಟ್ಟಡದ ನೇಪಾಳಿ ವಾಚ್‌ಮನ್‌ನ ಅಜ್ಜಿ ಎಂದಿದ್ದರೂ ನಾನು ನಂಬುತ್ತಿದ್ದೆ.

ಅವರು ರಷ್ಯನ್ ಅಲ್ಲ ಎಂದು ಮೊದಲ ದಿನವೇ ಅವರ ಮಗ ತಿಮೊಫೇಯ್ ಹೇಳಿದ. ಖಾಂತಿ ಜನವಂತೆ. ಸೈಬೀರಿಯಾದ ಒಂದು ದೊಡ್ಡ ನದಿಯ ಆಸುಪಾಸಿನವರು. ಆ ಭಾಷೆ ಆಡುವವರು ಈಗ ಕೆಲವೇ ಸಾವಿರ. "ನನ್ನ ತಾಯಿ ಆ ಭಾಷೆಯ ಕವಿ" ಎಂದು ಇಂಗ್ಲಿಷಿನಲ್ಲಿ ಹೇಳಿ, ತೆಳ್ಳಗಿನ ಮೂರು ಪುಸ್ತಕ ತೋರಿಸಿದ.

"ನೀವು ಓದಿದ್ದೀರಾ?" ಎಂದೆ.

"ನನಗೆ ಆ ಭಾಷೆ ಬರುವುದಿಲ್ಲ" ಎಂದು ಪುಸ್ತಕಗಳನ್ನು ಹಿಂದಕ್ಕಿಟ್ಟ.

ಅವನು ಸಮುದ್ರದ ನಡುವೆ ಎಣ್ಣೆ ಬಾವಿ ಕೊರೆಯುವ ಕಂಪೆನಿಯೊಂದರಲ್ಲಿ ಇಂಜಿನಿಯರ್. ಐವತ್ತೊಂದು ವರ್ಷ. ಇಪ್ಪತ್ತೆಂಟು ದಿನ ಸಮುದ್ರದಲ್ಲಿ, ಇಪ್ಪತ್ತೆಂಟು ದಿನ ಮನೆಯಲ್ಲಿ. ಹೆಂಡತಿ ಮಾಸ್ಕೋದಲ್ಲೇ ಉಳಿದಿದ್ದಳು. ಯಾಕೆ ಏನು ಎಂದು ನಾನು ಕೇಳಲು ಹೋಗಲಿಲ್ಲ. ಅವನು ಇಲ್ಲದಾಗ ರಾತ್ರಿಗೆ ಬೇರೆ ನರ್ಸ್ ಬರುತ್ತಿದ್ದಳು. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ನಾನು ಮತ್ತು ಅಮ್ಮ. ಅವನು ತಾಯಿಯನ್ನು ಮಾಮಾ ಎನ್ನುತ್ತಿದ್ದ. ನನಗೆ ಮಾಮ ಎಂದ ತಕ್ಷಣ ಶಿರ್ವದಲ್ಲಿರುವ ನನ್ನ ಸೋದರಮಾವನ ಮೀಸೆಯೇ ಕಣ್ಣ ಮುಂದೆ ಬರುತ್ತದೆ. ಹಾಗಾಗಿ ಅಮ್ಮ ಎಂದೇ ಕರೆದೆ.

ನಮ್ಮಿಬ್ಬರ ಮಾತೆಲ್ಲ ಫೋನಿನ ಮೂಲಕ. ಅವರು ರಷ್ಯನ್‌ನಲ್ಲಿ ಹೇಳಿದ್ದನ್ನು ಫೋನು ಕನ್ನಡದಲ್ಲಿ ಹೇಳುತ್ತಿತ್ತು. ಆ ಕನ್ನಡವೋ, ತಹಶೀಲ್ದಾರರ ನೋಟೀಸು. ಅಮ್ಮನಿಗೆ ಚಾ ಬೇಕಾದರೆ "ನನಗೆ ಚಹಾದ ಅವಶ್ಯಕತೆ ಇರುತ್ತದೆ" ಎನ್ನುತ್ತಿತ್ತು. ಒಮ್ಮೆ ಅವರು ಬೇಕೆಂದೇ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಫೋನು ಬಹಳ ಹೊತ್ತು ಯೋಚಿಸಿ, "ಭಾಷೆ ಲಭ್ಯವಿಲ್ಲ" ಎಂದಿತು. ಅಮ್ಮ ಕೆಮ್ಮು ಬರುವವರೆಗೆ ನಕ್ಕರು. ಇನ್ನೊಮ್ಮೆ ಹೇಳಿಸಿದರು. ಎರಡನೇ ಸಲ ನಗಲಿಲ್ಲ.

ಅವರ ಪದ್ಯಗಳ ಬಗ್ಗೆ ಕೇಳಿದರೆ ಕೈ ಕೊಡವುತ್ತಿದ್ದರು. ಪುಸ್ತಕ ಕೊಂಡವರಲ್ಲಿ ಅರ್ಧ ಜನ ನೆಂಟರು, ಉಳಿದ ಅರ್ಧ ನೆಂಟರಿಗೆ ಹೆದರಿದವರು ಎಂದರು. ಪದ್ಯ ಓದಿ ಜಗಳ ಮಾಡಲು ಇಬ್ಬರು ಗೆಳತಿಯರಿದ್ದರಂತೆ. ಒಬ್ಬಳು ಕೊರೋನಾದಲ್ಲಿ ಹೋದಳು, ಇನ್ನೊಬ್ಬಳು ಅದರ ಮುಂದಿನ ಚಳಿಗಾಲದಲ್ಲಿ. ಆಮೇಲೆ ಬರೆಯುವುದನ್ನು ನಿಲ್ಲಿಸಿದರು. ಬೈಯುವವರೇ ಇಲ್ಲದ ಮೇಲೆ ಯಾರಿಗೆ ಬರೆಯಲಿ ಎಂದು ಕೇಳಿದರು, ಮತ್ತು ಫೋನು ಅದನ್ನೂ ನೋಟೀಸಿನ ದನಿಯಲ್ಲೇ ಓದಿತು.

ಜೂನ್ ತಿಂಗಳಲ್ಲಿ ಒಂದು ದಿನ ನಾನು ಅವರ ಕಾಲಿಗೆ ಎಣ್ಣೆ ಹಚ್ಚುತ್ತಾ ಚರ್ಚಿನ ಹಾಡು ಗುನುಗುತ್ತಿದ್ದೆ. ಸೇಂಟ್ ಜೋಸೆಫ್ಸ್ ಚರ್ಚಿನ ಕೊಂಕಣಿ ಪೂಜೆಯಲ್ಲಿ ನಾನು ಹದಿನೆಂಟು ವರ್ಷದಿಂದ ಹಾಡುತ್ತಿದ್ದೇನೆ. ಅಮ್ಮ ಫೋನ್ ಎತ್ತಿಕೊಂಡರು. ಎಷ್ಟು ಭಾಷೆಯಲ್ಲಿ ಹಾಡುತ್ತೀ ಎಂದು ಕೇಳಿದರು. ಕೊಂಕಣಿ, ಮಲಯಾಳ, ಲ್ಯಾಟಿನ್, ಕ್ರಿಸ್ಮಸ್ಸಿಗೆ ಫಿಲಿಪಿನೋ ಎಂದೆ. ಎಲ್ಲ ಅರ್ಥವಾಗುತ್ತದೆಯೇ ಎಂದರು. ಇಲ್ಲಮ್ಮ, ಕಿವಿಯಲ್ಲಿ ಕೇಳಿ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತೇನೆ ಎಂದು ಹೇಳಿ, ಚೀಲದಿಂದ ನನ್ನ ಹಾಡಿನ ಪುಸ್ತಕ ತೆಗೆದು ತೋರಿಸಿದೆ. ನಮ್ಮ ಕ್ವಾಯರಿನಲ್ಲಿ ಎಲ್ಲರೂ ಮಾಡುವುದು ಹಾಗೆಯೇ. ಎಳೆಯುವ ಕಡೆ ಗೆರೆ, ಉಸಿರು ತೆಗೆಯುವ ಕಡೆ ಟಿಕ್. ಅವರು ಪುಟ ಪುಟವನ್ನೂ ಬೆರಳಿನಿಂದ ಮುಟ್ಟಿ ನೋಡಿದರು. ಅವತ್ತು ಊಟ ಮಾಡಲಿಲ್ಲ.

ಮಾರನೇ ದಿನ ವಿಷಯ ಹೇಳಿದರು. ಅವರ ಮನೆತನದಲ್ಲಿ ಒಂದು ಪದ್ಧತಿ. ಮಗ್ಗುಲಿನ ಊರಿನವರು ಹೀಗೆ ಮಾಡುತ್ತಿದ್ದರೋ ಇಲ್ಲವೋ, ಅವರ ಅಜ್ಜಿ, ಅವರ ಅಮ್ಮ ಮಾಡಿದ್ದು ಹೀಗೆ. ಪ್ರತಿಯೊಬ್ಬಳೂ ಬದುಕಿನಲ್ಲಿ ತನ್ನದೇ ಒಂದು ಹಾಡು ಕಟ್ಟುತ್ತಾಳೆ. ತನಗೆ ಏನಾಯಿತು, ತಾನು ಏನು ಮಾಡಿದೆ ಎಂಬ ಹಾಡು. ಅದು ಪುಸ್ತಕಕ್ಕೆ ಹೋಗುವುದಿಲ್ಲ. ಅವಳು ಸತ್ತ ನಲವತ್ತನೇ ದಿನ ಮನೆಯವರೊಬ್ಬರು ಕಿಟಕಿ ತೆರೆದು ಅದನ್ನು ಒಂದೇ ಒಂದು ಸಲ ಹಾಡಬೇಕು. ಆಗ ಅವಳಿಗೆ ದಾರಿ ಸಿಗುತ್ತದೆ. ಹಾಡುವವರಿಲ್ಲದಿದ್ದರೆ ಮನೆಯೊಳಗೇ ಸುಳಿದಾಡುತ್ತಿರುತ್ತಾಳೆ.

ಕಲಿಸುವುದಕ್ಕೂ ಕ್ರಮ ಉಂಟು. ಮಾತು ಬೆಳಿಗ್ಗೆ, ರಾಗ ಸಂಜೆ. ಕಲಿಯುವವಳು ಎರಡನ್ನೂ ಕೂಡಿಸಿ ಹಾಡಿದ್ದು ಒಡತಿಯ ಕಿವಿಗೆ ಬೀಳಲೇಬಾರದು. ಬಿದ್ದರೆ ಹಾಡು ಅಲ್ಲಿಗೆ ತೀರಿತು, ಜೀವ ಇರುವಾಗಲೇ ಕಳಿಸಿಕೊಟ್ಟ ಹಾಗೆ. ಆ ಹಾಡು ಮತ್ತೆ ಕೆಲಸಕ್ಕೆ ಬರುವುದಿಲ್ಲ. ನನ್ನ ಹಾಡನ್ನು ನೀನು ಕಲಿ ಎಂದರು.

"ತಿಮೊಫೇಯ್‌ಗೆ ಕಲಿಸಬಹುದಲ್ಲ ಅಮ್ಮ?"

ಅವರು ಫೋನನ್ನು ಬಾಯಿಯ ಹತ್ತಿರ ಎಳೆದುಕೊಂಡರು. ಏಳು ವರ್ಷಕ್ಕೆ ಅವನನ್ನು ಸರಕಾರದ ಹಾಸ್ಟೆಲ್ ಶಾಲೆಗೆ ಒಯ್ದರಂತೆ. ಅಲ್ಲಿ ಮನೆ ಭಾಷೆ ಆಡಿದರೆ ಊಟವಿಲ್ಲದೆ ಮೂಲೆಯಲ್ಲಿ ನಿಲ್ಲಿಸುತ್ತಿದ್ದರು. ಬೇಸಿಗೆಗೆ ಮನೆಗೆ ಬಂದ ಹುಡುಗ ತಾಯಿ ಮನೆ ಭಾಷೆಯಲ್ಲಿ ಮಾತಾಡಿದರೆ ರಷ್ಯನ್‌ನಲ್ಲಿ ಉತ್ತರ ಕೊಟ್ಟ. ಆಮೇಲೆ ಯಾವತ್ತೂ ಬೇರೆ ಭಾಷೆಯಲ್ಲಿ ಕೊಟ್ಟಿಲ್ಲ. ನನಗೆ ನನ್ನ ಮಗ ಕೆವಿನ್ ನೆನಪಾದ. ಜೆಬೆಲ್ ಅಲಿಯ ವೇರ್‌ಹೌಸ್ ಒಂದರಲ್ಲಿ ಕೆಲಸ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ನಾನು ಕೊಂಕಣಿಯಲ್ಲಿ ಕೇಳಿದರೆ "ಯಾ ಮಮ್ಮಿ, ಐ ಏಟ್" ಎನ್ನುತ್ತಾನೆ. ಅವನನ್ನು ಯಾರೂ ಮೂಲೆಯಲ್ಲಿ ನಿಲ್ಲಿಸಿರಲಿಲ್ಲ.

ಹೀಗೆ ಕಲಿಕೆ ಶುರುವಾಯಿತು. ಬೆಳಿಗ್ಗೆ ಮಾತ್ರೆ ಕೊಟ್ಟು, ಬಿ.ಪಿ. ನೋಡಿದ ಮೇಲೆ ಎರಡು ಸಾಲು ಮಾತು. ಅವರ ಭಾಷೆಯಲ್ಲಿ ನಾಲಿಗೆಯ ಎರಡೂ ಬದಿಯಿಂದ ಗಾಳಿ ಬಿಡುವ ಒಂದು ಉಚ್ಚಾರ ಉಂಟು. ನಾನು ಅದಕ್ಕೆ ಳ ಬರೆದು ಸುತ್ತ ಒಂದು ಸೊನ್ನೆ ಹಾಕಿದೆ. ಸಂಜೆ ಮಸೀದಿಯ ಮಗ್ರಿಬ್ ಬಾಂಗ್ ಮುಗಿದ ಮೇಲೆ ಮಾತಿಲ್ಲದ ರಾಗ, ಬರೀ ಗುನುಗು. ತಪ್ಪಿದರೆ ಮೊಣಕೈಗೆ ಚಿವುಟುತ್ತಿದ್ದರು. ನಮ್ಮ ಕ್ವಾಯರ್ ಮಾಸ್ಟರ್ ವಿಲ್ಸನ್ ಹದಿನೆಂಟು ವರ್ಷದಲ್ಲಿ ನನ್ನನ್ನು ತಿದ್ದಿದ್ದಕ್ಕಿಂತ ಹೆಚ್ಚು ಈ ಮುದುಕಿ ಎರಡು ತಿಂಗಳಲ್ಲಿ ತಿದ್ದಿದರು. ಅರ್ಥ ಕೇಳಿದರೆ ಹೇಳಲಿಲ್ಲ. ಅರ್ಥ ಗೊತ್ತಾದರೆ ನೀನು ದುಃಖ ನಟಿಸುತ್ತೀ, ಸುಮ್ಮನೆ ಸರಿಯಾಗಿ ಹೇಳು ಎಂದರು.

ಮುಸಫ್ಫಾದ ನನ್ನ ಕೋಣೆಯಲ್ಲಿ, ಅವರ ಕಿವಿಯಿಂದ ಮೂವತ್ತು ಕಿಲೋಮೀಟರ್ ದೂರದಲ್ಲಿ, ನಾನು ಎರಡನ್ನೂ ಕೂಡಿಸಿ ಹಾಡಿ ನೋಡುತ್ತಿದ್ದೆ. ಎಂಥ ಹಾಡು ಅದು! ಅನ್ನ ಬಸಿಯುತ್ತಾ ಹಾಡುವಾಗ ಕೈ ನಿಂತುಬಿಡುತ್ತಿತ್ತು. ಒಂದು ಶನಿವಾರ ಕೆವಿನ್ ಕಿವಿಯಿಂದ ಇಯರ್‌ಫೋನ್ ತೆಗೆದು ಬಾಗಿಲಲ್ಲಿ ನಿಂತು ಕೇಳಿದ. "ವಾಟ್ ಈಸ್ ದ್ಯಾಟ್, ಮಮ್ಮಿ?" ಎಂದ. ನಾನು ಏನು ಹಾಡಿದರೂ ಅವನು ಹಾಗೆ ಕೇಳಿದ್ದಿಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು. ಇಲ್ಲವಾದರೆ ನಾನು ಮುಂದೆ ಮಾಡಿದ್ದು ಬರೀ ಮೂರ್ಖತನ ಎನಿಸುತ್ತದೆ. ನನ್ನ ಅಮ್ಮ ಹೋದದ್ದು ವಿಮಾನ ನಿಂತಿದ್ದ ವರ್ಷ. ಜೀವಮಾನವೆಲ್ಲ ಮಲ್ಲಿಗೆ ಕಟ್ಟಿದ ಹೆಂಗಸು. ನಾನು ಇಲ್ಲಿ ಕೋವಿಡ್ ವಾರ್ಡಿನಲ್ಲಿ. ಅತ್ತಿಗೆ ಫೋನನ್ನು ಅಮ್ಮನ ಕಿವಿಗೆ ಹಿಡಿದಳು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅಮ್ಮನಿಗೆ ಇಷ್ಟವಾಗಿದ್ದ ಮಾತೆ ಮರಿಯಮ್ಮನ ಹಾಡು ಕೊನೆಯವರೆಗೆ ಹಾಡಿದೆ. ಹಾಡಿ ಮುಗಿದ ಮೇಲೆ ಅತ್ತಿಗೆ, "ಸುಸನ್, ಅವರು ಹೋಗಿ ಹತ್ತು ನಿಮಿಷ ಆಯ್ತು. ನಿನ್ನನ್ನು ನಿಲ್ಲಿಸಲಿಕ್ಕೆ ನನಗೆ ಮನಸ್ಸು ಬರಲಿಲ್ಲ" ಎಂದಳು. ಆವತ್ತಿನಿಂದ ಸತ್ತವರ ಕಿವಿಗೆ ಹಾಡುವುದು ನನ್ನಿಂದ ಆಗುವುದಿಲ್ಲ. ಪೂಜೆಯಲ್ಲಿ ಶವದ ಮುಂದೆ ಹಾಡುವಾಗ ನಾನು ಬಾಯಿ ಮಾತ್ರ ಆಡಿಸುತ್ತೇನೆ.

ನವೆಂಬರಿನಲ್ಲಿ ಅಮ್ಮನ ಕಾಲು ಊದಿತು. ಡಾಕ್ಟರು ನನ್ನನ್ನು ಹೊರಗೆ ಕರೆದು, "ವೀಕ್ಸ್, ಸಿಸ್ಟರ್, ನಾಟ್ ಮಂತ್ಸ್" ಎಂದರು. ಅದೇ ತಿಂಗಳ ಹದಿನೇಳಕ್ಕೆ ಅಮ್ಮನಿಗೆ ಎಪ್ಪತ್ತೇಳು ತುಂಬಿತು. ತಿಮೊಫೇಯ್ ರಜೆಯಲ್ಲಿದ್ದ, ಆಫೀಸಿನ ನಾಲ್ಕು ಜನರನ್ನು ಮಧ್ಯಾಹ್ನದ ಊಟಕ್ಕೆ ಕರೆದಿದ್ದ. ಕೇಕ್ ಬಂತು. ಅಮ್ಮನನ್ನು ದಿಂಬು ಕೊಟ್ಟು ಕೂರಿಸಿದ್ದೆ. ಕೇಕಿನ ಚೂರು ಹಿಡಿದುಕೊಂಡು ತಿಮೊಫೇಯ್, "ಸಿಸ್ಟರ್, ನೀವು ಚರ್ಚಿನಲ್ಲಿ ಹಾಡುತ್ತೀರಂತೆ. ಮಾಮಾಗೆ ಒಂದು ಹಾಡಿ" ಎಂದ.

ನಮ್ಮಲ್ಲಿ ಹುಟ್ಟುಹಬ್ಬಕ್ಕೆ ಹಾಡದೆ ಎದ್ದು ಹೋಗುವ ಪದ್ಧತಿ ಇಲ್ಲ. ಕೊಂಕಣಿಯ ಯಾವುದಾದರೂ ಮದುವೆ ಹಾಡು ಹಾಡಬಹುದಿತ್ತು. ಅಷ್ಟರಲ್ಲಿ ಅಮ್ಮನ ಮುಖ ನೋಡಿದೆ. ಊದಿದ ಕಣ್ಣು, ಬಿಗಿದ ಉಸಿರು. ಇವರು ಇನ್ನು ಮೂರು ವಾರದಲ್ಲಿ ಹೋಗುತ್ತಾರೆ, ಇಷ್ಟು ಚಂದದ ಹಾಡನ್ನು ನಾನು ಯಾರಿಗೂ ಕೇಳದ ಖಾಲಿ ಕೋಣೆಗೆ ಹಾಡಬೇಕು. ಇನ್ನೊಮ್ಮೆ ಮೆಟ್ಟಿಲ ಮೇಲೆ ಕೂರಬೇಕು. ಒಂದೇ ಒಂದು ಸಲ ಅವರ ಕಿವಿಗೆ ಬೀಳಲಿ, ಅವರ ಹಾಡು ಭದ್ರವಾಗಿ ಉಂಟು ಎಂದು ತಿಳಿದು ಹೋಗಲಿ ಎನಿಸಿತು. ಹೊಗಳಿಸಿಕೊಳ್ಳುವ ಆಸೆಯೂ ಇತ್ತು, ಇಲ್ಲವೆನ್ನಲಾರೆ. ಕ್ರಮ ನನಗೆ ಗೊತ್ತಿತ್ತು. ಗೊತ್ತಿದ್ದೇ ಬಾಯಿ ತೆರೆದೆ.

ಎರಡನೇ ಸಾಲಿಗೆ ಅಮ್ಮ ಎರಡೂ ಕೈಯಿಂದ ಶಾಲನ್ನು ಮುಖದ ಮೇಲೆ ಎಳೆದುಕೊಂಡರು. ನಾನು ನಿಲ್ಲಿಸಬೇಕಿತ್ತು. ಸಂತೋಷಕ್ಕೆ ಅಳುತ್ತಿದ್ದಾರೆ ಎಂದುಕೊಂಡೆ, ಅಥವಾ ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು. ಕೊನೆಯವರೆಗೆ ಹಾಡಿದೆ. ಬಂದವರು ಚಪ್ಪಾಳೆ ತಟ್ಟಿದರು.

ತಿಮೊಫೇಯ್ ತಟ್ಟಲಿಲ್ಲ. ಅವನ ತಟ್ಟೆ ನೆಲಕ್ಕೆ ಬಿದ್ದಿತ್ತು. ಅಡುಗೆಮನೆಗೆ ಬಂದು ನನ್ನ ಕೈ ಹಿಡಿದು, "ಅದರಲ್ಲಿ ನನ್ನ ಹೆಸರಿದೆ" ಎಂದ. "ಚಿಕ್ಕವನಿದ್ದಾಗ ಕರೆಯುತ್ತಿದ್ದ ಹೆಸರು. ನನಗೆ ಏಳು ವರ್ಷದ ಮಗುವಿನ ಮಾತು ಮಾತ್ರ ನೆನಪುಂಟು ಸಿಸ್ಟರ್. ಆದರೆ ಆ ಭಾಗದಲ್ಲಿ ಇರುವುದೆಲ್ಲ ಅಂಥ ಮಾತೇ."

ಶಾಲೆಗೆ ಒಯ್ಯಲು ಹೆಲಿಕಾಪ್ಟರ್ ಬಂದ ದಿನ ಅದರಲ್ಲಿ ಇತ್ತಂತೆ. ಹೆಲಿಕಾಪ್ಟರಿಗೆ ಹಾಡಿನಲ್ಲಿದ್ದದ್ದು, ನಾವು ಮಕ್ಕಳಿದ್ದಾಗ ಏರೋಪ್ಲೇನ್ ಚಿಟ್ಟೆ ಎನ್ನುತ್ತಿದ್ದೆವಲ್ಲ, ಆ ಹುಳುವಿನ ಹೆಸರು. 'ಅದು ದೊಡ್ಡ ಚಿಟ್ಟೆ, ಹತ್ತಿಕೋ ಮಗನೇ, ಸಂಜೆಗೆ ಹಿಂದೆ ತಂದುಬಿಡುತ್ತದೆ ಎಂದೆ. ಬೂಟಿನ ದಾರ ಕಟ್ಟಿದೆ. ಸುಳ್ಳು ಹೇಳಿದೆ.' ನಲವತ್ತನಾಲ್ಕು ವರ್ಷ ಅವನು ಒಂದೇ ವಿಷಯವನ್ನು ಎದೆಯಲ್ಲಿ ಇಟ್ಟುಕೊಂಡಿದ್ದನಂತೆ: ಬೇರೆ ತಾಯಂದಿರು ಅತ್ತರು, ತನ್ನ ತಾಯಿ ನಕ್ಕು ಕೈಬೀಸಿದಳು. ಹೇಳುತ್ತಾ ಹೇಳುತ್ತಾ ಅವನು ನೆಲದ ಮೇಲೆ ಕೂತ. ಅಷ್ಟು ದೊಡ್ಡ ಗಂಡಸು ಫ್ರಿಜ್ಜಿಗೆ ತಲೆ ಆನಿಸಿ ಅತ್ತ. ನಾನು ದೊಡ್ಡ ಉಪಕಾರ ಮಾಡಿದೆ ಎಂದುಕೊಂಡೆ.

ಮಾರನೇ ಬೆಳಿಗ್ಗೆ ಅಮ್ಮ ಫೋನು ಕೇಳಿದರು. ಸಿಟ್ಟು ಇರಲಿಲ್ಲ. ಬೈದಿದ್ದರೆ ಸಹಿಸುತ್ತಿದ್ದೆ.

"ಗೀತೆಯು ಸಮಾಪ್ತಿಗೊಂಡಿರುತ್ತದೆ" ಎಂದಿತು ಫೋನು.

ಹಾಡು ಬರೆದುಕೊಂಡ ಪುಟ ಹರಿದು ಕೊಡು ಎಂದರು. ಕೊಟ್ಟೆ. ಸುಡಬೇಕಂತೆ, ಆದರೆ ಹದಿನಾಲ್ಕನೇ ಮಹಡಿಯಲ್ಲಿ ಕಾಗದ ಸುಟ್ಟರೆ ಇಡೀ ಕಟ್ಟಡದ ಅಲಾರಾಂ ಹೊಡೆಯುತ್ತದೆ. ಕೊನೆಗೆ ಬಟ್ಟಲಿನ ನೀರಿನಲ್ಲಿ ಹಾಕಿ, ಶಾಯಿ ಕರಗುವವರೆಗೆ ಬೆರಳಿನಿಂದ ಅವರೇ ತಿಕ್ಕಿದರು. ರಾಗವನ್ನೂ ಬಿಡಬೇಕು, ಸತ್ತ ಮೇಲೆ ಹಳೆಯ ರಾಗ ಕೇಳಿದರೆ ನಾನು ದಾರಿ ಸಿಗದೆ ಹಳೆಯ ಜಾಗದಲ್ಲೇ ಸುತ್ತುತ್ತೇನೆ, ಇನ್ನು ಯಾರ ಮುಂದೆಯೂ ಅದನ್ನು ಬಾಯಿಗೆ ತರಬೇಡ ಎಂದರು. ನನ್ನ ಕೊರಳಿನ ಶಿಲುಬೆ ಮುಟ್ಟಿ ಆಣೆ ಮಾಡಿಸಿಕೊಂಡರು. ನಾನು ಅವರ ಕಾಲು ಹಿಡಿದು ಅತ್ತೆ. ಅವರು ನನ್ನ ಮೊಣಕೈಗೆ ಚಿವುಟಿದರು, ತಪ್ಪು ಹಾಡಿದಾಗ ಚಿವುಟುತ್ತಿದ್ದ ಹಾಗೆ. ಆಮೇಲೆ ಮಗನನ್ನು ಕರೆಸಿದರು.

ಹೊಸ ಹಾಡು ಕಟ್ಟಲು ಕೂತರು. ಉಸಿರಿಲ್ಲದ ಹೆಂಗಸು, ಮೂಗಿಗೆ ಆಕ್ಸಿಜನ್ ಕೊಳವೆ. ಒಂದು ಮಾತು ಹೇಳುತ್ತಾರೆ, ಮಗನ ಮುಖ ನೋಡುತ್ತಾರೆ. ಗೊತ್ತು ಎಂದು ಅವನು ತಲೆಯಾಡಿಸಿದರೆ ಆ ಮಾತು ಉಳಿಯುತ್ತದೆ, ಇಲ್ಲದಿದ್ದರೆ ಕೈಬೀಸಿ ಬಿಟ್ಟುಬಿಡುತ್ತಾರೆ. ಮೂರು ಪುಸ್ತಕ ಬರೆದವರು, ನದಿಯ ಮಂಜಿಗೇ ಹತ್ತಾರು ಹೆಸರು ಗೊತ್ತಿದ್ದವರು, ಏಳು ವರ್ಷದ ಹುಡುಗನ ಹತ್ತಿರ ಉಳಿದಿದ್ದ ನಾಲ್ಕು ಹಿಡಿ ಮಾತಿನಲ್ಲಿ ಕೊನೆಯ ಹಾಡು ಕಟ್ಟಿದರು. ನಾಯಿ, ಬೂಟು, ರೊಟ್ಟಿ, ಹಿಮ, ಸಂಜೆ, ಬಾ. ತಿಮೊಫೇಯ್ ಸಮುದ್ರಕ್ಕೆ ವಾಪಸು ಹೋಗಲಿಲ್ಲ, ರಜೆ ಮುಂದೂಡಿದ. ಅವನು ಅದನ್ನು ರಷ್ಯನ್ ಅಕ್ಷರದಲ್ಲಿ ಬರೆದುಕೊಂಡ. ನಾನು ಬಾಗಿಲ ಹತ್ತಿರ ಸ್ಟೂಲಿನಲ್ಲಿ ಕೂತು ಆಕ್ಸಿಜನ್ ಮೀಟರ್ ನೋಡುತ್ತಿದ್ದೆ. ತಾಯಿ ಮಗ ತಮ್ಮ ಭಾಷೆಯಲ್ಲಿ ಮಾತಾಡುವುದನ್ನು ಅವತ್ತೇ ಮೊದಲು ಕೇಳಿದೆ, ಮತ್ತು ನನಗೆ ಹೊಟ್ಟೆಕಿಚ್ಚಾಯಿತು.

ಹನ್ನೊಂದು ಬೆಳಿಗ್ಗೆ ಬೇಕಾಯಿತು. ಆರು ಸಾಲು. ಹನ್ನೊಂದನೇ ದಿನ ಮಾತು ಮುಗಿಯಿತು. ಸಂಜೆ ರಾಗ ಶುರು ಎಂದು ಮಗನಿಗೆ ಹೇಳಿ, ಸ್ವಲ್ಪ ಮಲಗುತ್ತೇನೆ ಎಂದರು. ಮಧ್ಯಾಹ್ನ ಮೂರೂಕಾಲು ಗಂಟೆಗೆ ನಾನು ನಾಡಿ ಹಿಡಿದಾಗ ಅದು ನನ್ನ ಬೆರಳಿನ ಕೆಳಗೇ ನಿಂತಿತು.

ಊರಿಗೆ ಕಳಿಸುವುದು ಬೇಡ ಎಂದು ಅವರೇ ಹೇಳಿದ್ದರು. ಅವರ ಹಳ್ಳಿ ಇದ್ದ ಜಾಗದಲ್ಲಿ ಈಗ ಎಣ್ಣೆ ಬಾವಿ, ಕಾಯುವವರು ಯಾರೂ ಇಲ್ಲ. ಬನಿಯಾಸ್‌ನ ಆಚೆ ಮುಸ್ಲಿಮರಲ್ಲದ ನಮ್ಮಂಥವರನ್ನು ಮಣ್ಣು ಮಾಡುವ ಜಾಗದಲ್ಲಿ, ಮರಳಿನಲ್ಲಿ ಹೂಳಿದೆವು. ನಾಲ್ಕೇ ಜನ. ನಾನು ಹಾಡಲಿಲ್ಲ.

ನಿನ್ನೆ ನಲವತ್ತನೇ ದಿನ. ತಿಮೊಫೇಯ್ ಕರೆದ, ಹೋದೆ. ಮೇಜಿನ ಮೇಲೆ ಅಮ್ಮನ ಶಾಲು ಮಡಿಸಿಟ್ಟು ಪಕ್ಕದಲ್ಲಿ ಚಾ ಇಟ್ಟಿದ್ದ. ಕಿಟಕಿ ತೆರೆದ. ಈ ಕಟ್ಟಡಗಳ ಕಿಟಕಿ ಒಂದು ಗೇಣಿಗಿಂತ ಹೆಚ್ಚು ತೆರೆಯುವುದಿಲ್ಲ. ಕೆಳಗಿನಿಂದ ಹಮ್ದಾನ್ ಸ್ಟ್ರೀಟಿನ ಹಾರನ್ ಒಳಗೆ ಬಂತು. ಅವನು ಕೈಯಲ್ಲಿ ಕಾಗದ ಹಿಡಿದು ನಿಂತ. ಓದಲು ಹೋಗಿ ನಿಲ್ಲಿಸಿದ.

"ಸಿಸ್ಟರ್, ಮಾತು ನನ್ನ ಹತ್ತಿರ ಉಂಟು, ರಾಗ ಇಲ್ಲ" ಎಂದ. "ಮಾಮಾನ ಹಳೆಯ ಹಾಡಿನ ರಾಗ ನಿಮಗೆ ಗೊತ್ತಲ್ಲ. ಅದು ಇದಕ್ಕೆ ಹೊಂದುತ್ತದಾ?"

ಹೊಂದುತ್ತದೆ. ಅಮ್ಮ ಕಟ್ಟುವಾಗಲೇ ನಾನು ಸ್ಟೂಲಿನ ಮೇಲೆ ಕೂತು ಮನಸ್ಸಿನೊಳಗೆ ಕೂಡಿಸಿ ನೋಡಿದ್ದೆ. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಆ ರಾಗ ನನ್ನ ಗಂಟಲಿನಲ್ಲಿ ಇತ್ತು, ಈಗಲೂ ಉಂಟು. ಅವನ ಮುಖ ಹೆಲಿಕಾಪ್ಟರ್ ಹತ್ತಲು ನಿಂತ ಹುಡುಗನ ಮುಖದ ಹಾಗಿತ್ತು. ನಾನು ಕೊರಳಿನ ಶಿಲುಬೆ ಹಿಡಿದುಕೊಂಡೆ.

"ನೆನಪಿಲ್ಲ ಮಗಾ. ಮರೆತುಹೋಯ್ತು" ಎಂದೆ.

ಅವನು ನಂಬಿದನೋ ಇಲ್ಲವೋ ಗೊತ್ತಿಲ್ಲ. ಆಮೇಲೆ ಕಿಟಕಿಯ ಸಂದಿಗೆ ಮುಖ ಇಟ್ಟು, ಆ ಆರು ಸಾಲನ್ನು ಶಾಲೆಯ ಹುಡುಗ ಪಾಠ ಒಪ್ಪಿಸಿದ ಹಾಗೆ ರಾಗವಿಲ್ಲದೆ ಹೇಳಿದ. ನಾಯಿ. ಬೂಟು. ಸಂಜೆ. ಬಾ. ಒಂದೊಂದು ಮಾತಿಗೂ ರಾಗ ನನ್ನ ನಾಲಿಗೆಯ ತುದಿಗೆ ಬಂತು, ಒಂದೊಂದು ಸಲವೂ ನುಂಗಿದೆ. ಅವನು ಮುಗಿಸಿ ಕಿಟಕಿ ಮುಚ್ಚಲಿಲ್ಲ.

"ಇಷ್ಟು ಸಾಕಾ? ಅವಳಿಗೆ ದಾರಿ ಸಿಕ್ಕಿರುತ್ತದಾ?" ಎಂದು ಕೇಳಿದ.

"ಸಿಕ್ಕಿರುತ್ತದೆ" ಎಂದೆ. ಇದು ಸುಳ್ಳೋ ನಿಜವೋ ನನಗೆ ಗೊತ್ತಿಲ್ಲ. ಚಾ ತಣ್ಣಗಾಗಿತ್ತು, ಬಟ್ಟಲು ತೊಳೆದಿಟ್ಟು ಬಂದೆ.